ಪಂಚಾಂಗವೂ ನಿಘಂಟೂ: ಕಾರೋಟದ ಆಟಗಳ ಹೊಸ ಆವೃತ್ತಿ ಎಷ್ಟು ವರ್ಷಕ್ಕೊಮ್ಮೆ?

ನಮ್ಮ ಊಟದ ಮೇಜಿನ ಅಂಚಿನಲ್ಲಿ ಎರಡು ತಗ್ಗುಗಳು ಬಿದ್ದಿವೆ. ಬೇಸಗೆಯ ರಜೆಗೆ ಬಂದಿದ್ದ ಅಕ್ಕನ ಮಗ ತನ್ನ ಸ್ಟಿಯರಿಂಗ್ ಚಕ್ರವನ್ನು ಅಲ್ಲಿಗೆ ತಿರುಪು ಹಾಕಿ ಬಿಗಿದು, ಮರಕ್ಕೆ ಪೆಟ್ಟಾಗದಿರಲೆಂದು ಹಳೆಯ ಪಂಚೆಯ ಚೂರೊಂದನ್ನು ಮಡಿಸಿ ಅಡಿಗಿಟ್ಟಿದ್ದರೂ ಉಳಿದುಬಿಟ್ಟ ಗುರುತುಗಳು ಅವು. ಬ್ರೇಕನ್ನು ಒತ್ತಿದಾಗಲೆಲ್ಲ ಪೆಡಲುಗಳು ಕೆಂಪು ಗಾರೆಯ ನೆಲದ ಮೇಲೆ ಮುಂದಕ್ಕೆ ಜಾರುತ್ತಿದ್ದುದರಿಂದ ಅವುಗಳಿಗೆ ಅಡ್ಡವಾಗಿ ಹಿತ್ತಲಿನ ರುಬ್ಬುಗುಂಡನ್ನು ಹೊತ್ತು ತಂದಿಟ್ಟುಕೊಂಡಿದ್ದ. ಹೀಗೆ ಸಜ್ಜುಗೊಂಡ ಆಸನದಲ್ಲಿ ಕುಳಿತು ಅವನು ಮೂರು ವಾರಗಳ ಕಾಲ ಸುತ್ತಿದುದು ಒಂದೇ ಒಂದು ಓಟದ ಹಾದಿಯನ್ನು: ಜರ್ಮನಿಯ ಐಫೆಲ್ ಬೆಟ್ಟಸಾಲಿನ ನಡುವೆ 1927ರಲ್ಲಿ ತೆರೆದ ನ್ಯೂರ್‌ಬರ್ಗ್‌ರಿಂಗ್‌ನ ನಾರ್ಡ್‌ಶ್ಲೈಫೆಯನ್ನು. ಇಪ್ಪತ್ತು ಕಿಲೋಮೀಟರಿಗೂ ಮಿಗಿಲಾದ ಆ ಸುತ್ತಿನಲ್ಲಿ ಕರುಸೆಲ್ ಎಂಬ ಎಡತಿರುವೊಂದಿದೆ. ಅಲ್ಲಿ ಕಾರು ಡಾಂಬರನ್ನು ಬಿಟ್ಟು ವಾಲಿಕೊಂಡಿರುವ ಕಾಂಕ್ರೀಟು ಪಟ್ಟಿಯೊಳಗೆ ಇಳಿಯಬೇಕು. ಇಳಿದ ಕ್ಷಣದಿಂದ ಹಲಗೆಗಳ ಒಂದೊಂದು ಕೀಲೂ ಚಕ್ರದ ಮೂಲಕ ಅಂಗೈಗೆ ಬಡಿಯುತ್ತದೆ. ಮೇಜಿನ ಮೇಲಿದ್ದ ಉಪ್ಪಿನಕಾಯಿ ಜಾಡಿ ಸಹ ಆ ತಾಳಕ್ಕೆ ಸರಿಯಾಗಿ ಗಲಗಲಿಸುತ್ತಿತ್ತು.

ಮೊದಲ ವಾರ ಅವನು ಆ ತಿರುವಿನಲ್ಲಿ ಪ್ರತಿಸಲವೂ ಹೊರಕ್ಕೆ ಎಸೆಯಲ್ಪಟ್ಟ. ಎರಡನೆಯ ವಾರದಲ್ಲಿ ಬ್ರೇಕನ್ನು ಎಲ್ಲಿ ಒತ್ತಬೇಕೆಂಬುದು ತಿಳಿಯಿತು. ಮೂರನೆಯ ವಾರದಲ್ಲಿ, ಒತ್ತಿದ ಬ್ರೇಕನ್ನು ತಿರುವಿನ ಒಳಗೆ ಎಷ್ಟು ನಿಧಾನವಾಗಿ ಬಿಡಬೇಕೆಂಬುದು, ಅಂದರೆ ಪುಸ್ತಕದಿಂದ ಕಲಿಯಲಾಗದ ಆ ಸಂಗತಿಯು, ಅವನ ಬಲಗಾಲಿಗೆ ತಾನಾಗಿಯೆ ಬಂದಿತು. ಆಗ ಅವನಾಡಿದ ಮಾತು ಈ ಲೇಖನಕ್ಕೆ ಕಾರಣವಾಯಿತು: "ಮಾವ, ಇದರ ಮುಂದಿನ ಭಾಗ ಬೇಗ ಬರೋದು ಬೇಡ. ಈಗ ತಾನೆ ಕೈಗೆ ಬಂತು. ಹೊಸದು ಬಂದ್ರೆ ಮತ್ತೆ ಮೊದಲಿಂದ."

ಕೊಳ್ಳುವವನು ಹೊಸದನ್ನು ಬೇಡುತ್ತಾನೆ, ಮಾರುವವನು ತಡೆದು ತಡೆದು ಕೊಡುತ್ತಾನೆ ಎಂಬುದು ಲೋಕರೂಢಿಯ ಎಣಿಕೆ. ಕಾರೋಟದ ಸಿಮ್ಯುಲೇಷನ್ ಆಟಗಳಲ್ಲಾದರೋ ಈ ಎಣಿಕೆ ತಲೆಕೆಳಗಾಗುವ ಸಂದರ್ಭಗಳುಂಟು. ಇಲ್ಲಿ ಕೊಂಡವನ ಕೈಯಲ್ಲಿ ಉಳಿಯುವುದು ಕಥೆಯಲ್ಲ, ಚಿತ್ರವಲ್ಲ, ಒಂದು ಕೌಶಲ. ಕಥೆಯ ಆಟವು ಮುಗಿದಮೇಲೆ ಮುಂದಿನ ಕಥೆಗೆ ಹಂಬಲಿಸುವುದು ಸಹಜ. ಆದರೆ ಕೌಶಲವು ಮುಗಿಯುವುದಿಲ್ಲ, ಮಾಗುತ್ತದೆ. ಆದಕಾರಣ ಇಂಥ ಆಟದ ಹೊಸ ಆವೃತ್ತಿ ಎಷ್ಟು ವರ್ಷಕ್ಕೊಮ್ಮೆ ಬರಬೇಕೆಂಬ ಪ್ರಶ್ನೆಯನ್ನು ಅಂಗಡಿಯ ಲೆಕ್ಕದಿಂದಷ್ಟೇ ತೀರ್ಮಾನಿಸಲಾಗದು. ಆಟದ ಒಳಗೆ ಏನಿದೆ, ಅದನ್ನು ಕಟ್ಟುವುದಕ್ಕೆ ಎಷ್ಟು ಕಾಲ ಹಿಡಿಯುತ್ತದೆ, ಕಲಿಯುವುದಕ್ಕೆ ಎಷ್ಟು ಕಾಲ ಹಿಡಿಯುತ್ತದೆ ಎಂಬ ವಿಚಾರಗಳಿಂದಲೆ ಅದಕ್ಕೆ ಉತ್ತರವನ್ನು ಅರಸಬೇಕು.

ನಮ್ಮಲ್ಲಿ ಎರಡು ಬಗೆಯ ಗ್ರಂಥಗಳುಂಟು. ಪಂಚಾಂಗವು ವರ್ಷಕ್ಕೊಮ್ಮೆ ಬರಲೇಬೇಕು. ಯುಗಾದಿ ಕಳೆದಮೇಲೆ ಹಳೆಯ ಪಂಚಾಂಗದಿಂದ ಪ್ರಯೋಜನವಿಲ್ಲ. ನಿಘಂಟಿನ ಮಾತು ಬೇರೆ. ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಹೊರಬಂದಿತು. ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1970ರಿಂದ 1995ರವರೆಗೆ ಒಂದೊಂದಾಗಿ ಅಚ್ಚಾಯಿತು. ಅವೆರಡನ್ನೂ ಇಂದಿಗೂ ಮೇಜಿನ ಮೇಲಿಟ್ಟುಕೊಂಡು ಕೆಲಸ ಮಾಡುವವರಿದ್ದಾರೆ. ಕಾರೋಟದ ಆಟದೊಳಗೆ ಈ ಎರಡೂ ಒಂದೇ ರಟ್ಟಿನೊಳಗೆ ಹೊಲಿಯಲ್ಪಟ್ಟಿವೆ. ಯಾವ ತಂಡದಲ್ಲಿ ಯಾವ ಚಾಲಕನಿದ್ದಾನೆ, ಯಾವ ಕಾರಿಗೆ ಯಾವ ಬಣ್ಣ, ಯಾವ ಊರಿನ ಓಟ ಯಾವ ವಾರ ಎಂಬುವೆಲ್ಲ ಪಂಚಾಂಗದ ಭಾಗ. ಟೈರು ನೆಲವನ್ನು ಹೇಗೆ ಹಿಡಿಯುತ್ತದೆ, ಹೇಗೆ ಬಿಡುತ್ತದೆ, ಭಾರವು ಮುಂಗಾಲಿಯಿಂದ ಹಿಂಗಾಲಿಗೆ ಹೇಗೆ ಸರಿಯುತ್ತದೆ ಎಂಬ ಗಣಿತವೆಲ್ಲ ನಿಘಂಟಿನ ಭಾಗ. ಇವೆರಡರ ಕಾಲಮಾನಗಳು ಒಂದೇ ಅಲ್ಲವೆಂಬುದನ್ನು ಮರೆತಾಗಲೆಲ್ಲ ಕೆಟ್ಟ ಆಟಗಳು ಹುಟ್ಟಿವೆಯೆಂದು ನನ್ನ ಅಭಿಪ್ರಾಯ.

ಟೈರಿನ ಗಣಿತದ ವಿಚಾರವನ್ನು ತುಸು ಬಿಡಿಸಿ ಹೇಳಬೇಕು, ಏಕೆಂದರೆ ಎಲ್ಲವೂ ಅದರ ಮೇಲೆ ನಿಂತಿದೆ. ಓಡುವ ಕಾರಿಗೂ ಭೂಮಿಗೂ ಇರುವ ಸಂಬಂಧವು ನಾಲ್ಕು ಟೈರುಗಳು ನೆಲವನ್ನು ಮುಟ್ಟುವ, ಒಂದೊಂದೂ ಅಂಗೈಯಗಲದ ಆಸುಪಾಸಿನ, ನಾಲ್ಕು ತಾಣಗಳಲ್ಲಿ ಅಡಗಿದೆ. ಚಕ್ರವನ್ನು ತಿರುಗಿಸಿದಾಗ ಟೈರು ತಾನು ಮುಖಮಾಡಿದ ದಿಕ್ಕಿಗೇ ನೇರವಾಗಿ ಹೋಗುವುದಿಲ್ಲ. ಕೊಂಚ ಓರೆಯಾಗಿ ಜರುಗುತ್ತದೆ. ಆ ಓರೆ ಕೆಲವು ಡಿಗ್ರಿಗಳವರೆಗೆ ಬೆಳೆದಂತೆ ಹಿಡಿತವೂ ಬೆಳೆಯುತ್ತದೆ. ಅದನ್ನು ಮೀರಿದೊಡನೆ ಹಿಡಿತವು ಇಳಿಯತೊಡಗುತ್ತದೆ. ಆ ಶಿಖರದ ಅಂಚಿನಲ್ಲಿ ಕಾರನ್ನು ನಿಲ್ಲಿಸಿಕೊಳ್ಳುವುದೇ ವೇಗದ ಚಾಲನೆಯ ವಿದ್ಯೆ. ಆಟದ ಯಂತ್ರವು ನಾಲ್ಕು ಟೈರುಗಳಿಗೂ ಭಾರ, ಬಿಸಿ, ಗಾಳಿಯ ಒತ್ತಡ, ಸವೆತ ಇವನ್ನೆಲ್ಲ ಗಣನೆಗೆ ತಂದುಕೊಂಡು ಸೆಕೆಂಡಿಗೆ ನೂರಾರು ಬಾರಿ ಈ ಲೆಕ್ಕವನ್ನು ಮಾಡಬೇಕು. ಅದರ ಫಲವನ್ನು ಸ್ಟಿಯರಿಂಗಿನೊಳಗಿನ ಮೋಟಾರಿನ ಮೂಲಕ ಆಡುವವನ ಕೈಗೆ ಮುಟ್ಟಿಸಬೇಕು. ಕೈಯು ವರ್ಷಗಟ್ಟಲೆ ಕಲಿಯುವುದು ಈ ಲೆಕ್ಕದ ಆಕಾರವನ್ನು. ಲೆಕ್ಕ ಬದಲಾದರೆ ಕಲಿತದ್ದರಲ್ಲಿ ಒಂದು ಪಾಲು ವ್ಯರ್ಥ. ಬದಲಾವಣೆಯು ಸತ್ಯಕ್ಕೆ ಇನ್ನಷ್ಟು ಹತ್ತಿರವಾಗಿದ್ದರೆ ಆ ನಷ್ಟವನ್ನು ಸಂತೋಷದಿಂದ ಸಹಿಸಬಹುದು. ಪೆಟ್ಟಿಗೆಯ ಮೇಲಿನ ಇಸವಿ ಬದಲಾಗಬೇಕೆಂಬ ಒಂದೇ ಕಾರಣಕ್ಕೆ ಅದು ನಡೆದರೆ ಆಡುವವನ ಶ್ರಮಕ್ಕೆ ಅನ್ಯಾಯವಾಗುತ್ತದೆ.

ಕಟ್ಟುವವರ ಕಡೆಯಿಂದ ಈ ಪ್ರಶ್ನೆಯನ್ನು ನೋಡುವುದಕ್ಕೆ ಗ್ರಾನ್ ಟುರಿಸ್ಮೊ ಮಾಲಿಕೆಗಿಂತ ಉತ್ತಮವಾದ ನಿದರ್ಶನ ಮತ್ತೊಂದಿಲ್ಲ. ಜಪಾನಿನ ಕಜುನೋರಿ ಯಮಾವುಚಿಯವರು ಸಣ್ಣದೊಂದು ಬಳಗವನ್ನು ಕಟ್ಟಿಕೊಂಡು ಸುಮಾರು ಐದು ವರ್ಷ ದುಡಿದು, 1997ರ ಡಿಸೆಂಬರಿನಲ್ಲಿ ಮೊದಲ ಆಟವನ್ನು ಹೊರತಂದರು. ಅದರಲ್ಲಿ ಸುಮಾರು 140 ಕಾರುಗಳಿದ್ದವು. ಎರಡನೆಯದು ಎರಡೇ ವರ್ಷಗಳಲ್ಲಿ, 1999ರ ಡಿಸೆಂಬರಿನಲ್ಲಿ, ಸುಮಾರು 650 ಕಾರುಗಳೊಡನೆ ಎರಡು ಡಿಸ್ಕುಗಳಲ್ಲಿ ಬಂದಿತು. ಆ ತ್ವರೆಯ ಗುರುತು ಅದರ ಮೈಮೇಲೆಯೇ ಉಳಿಯಿತು: ಅಮೆರಿಕದಲ್ಲಿ ಬಿಡುಗಡೆಯಾದ ಮೊದಲ ಪ್ರತಿಗಳಲ್ಲಿ ಆಟವನ್ನು ಸಂಪೂರ್ಣವಾಗಿ ಆಡಿ ಮುಗಿಸಿದರೂ ನೂರಕ್ಕೆ 98.2ರಷ್ಟು ಮಾತ್ರ ಪೂರ್ಣವಾಯಿತೆಂದು ತೆರೆಯು ತೋರಿಸುತ್ತಿತ್ತು. ಡಿಸ್ಕಿನಲ್ಲಿ ಕೊರೆದುದನ್ನು ಮನೆಗೆ ಕಳುಹಿಸಿ ತಿದ್ದುವ ಸೌಕರ್ಯವಿಲ್ಲದ ಕಾಲವದು. ಎಲ್ಲ ಓಟಗಳನ್ನೂ ಗೆದ್ದ ಹುಡುಗನಿಗೆ ಉಳಿದ ಆ 1.8ರಷ್ಟು ಕೊರತೆ ಎಷ್ಟು ಕಾಡಿರಬೇಡ!

ಆಮೇಲೆ ಯಂತ್ರಗಳು ಬಲಿತವು. ಯಂತ್ರ ಬಲಿತರೆ ಕೆಲಸ ಹಗುರವಾಗಬೇಕೆಂದು ನಾವು ತಿಳಿಯುತ್ತೇವೆ. ಇಲ್ಲಿ ಆದುದು ಅದಕ್ಕೆ ವಿರುದ್ಧ. ಮೊದಲ ಆಟದ ಕಾಲದಲ್ಲಿ ಒಂದು ಕಾರಿನ ಆಕೃತಿಯನ್ನು ಒಬ್ಬ ಕಲಾವಿದ ಒಂದು ದಿನದಲ್ಲಿ ಮುಗಿಸುತ್ತಿದ್ದನೆಂದೂ, ಐದನೆಯದರ ಕಾಲಕ್ಕೆ ಅದೇ ಕೆಲಸಕ್ಕೆ ಆರು ತಿಂಗಳು ಹಿಡಿಯತೊಡಗಿತೆಂದೂ ಯಮಾವುಚಿಯವರೇ ಹೇಳಿಕೊಂಡಿದ್ದಾರೆ. ಹಿಂದೆ ಕಪ್ಪು ಗಾಜಿನ ಚಿತ್ರವಾಗಿದ್ದ ಕಿಟಕಿಯೊಳಗೆ ಈಗ ಆಸನದ ಹೊಲಿಗೆ ಕಾಣಬೇಕು, ಮಾಪಕದ ಮುಳ್ಳು ತಿರುಗಬೇಕು, ದೀಪದ ಗಾಜಿನೊಳಗಿನ ಪದರಗಳು ಬೆಳಕನ್ನು ಒಡೆಯಬೇಕು. 2001ರಲ್ಲಿ ಹೊಸ ಯಂತ್ರಕ್ಕೆಂದು ಬಂದ ಮೂರನೆಯ ಆಟದಲ್ಲಿ ಕಾರುಗಳ ಸಂಖ್ಯೆ 180ರ ಸುಮಾರಿಗೆ ಇಳಿದುದು ಈ ಕಾರಣದಿಂದಲೆ. ಹಾಗೆ ಇಳಿದರೂ ಮಾಲಿಕೆಯಲ್ಲೆಲ್ಲ ಅತ್ಯಂತ ಹೆಚ್ಚು ಮಾರಾಟವಾದದ್ದು ಅದೇ. 2004ರ ಕೊನೆಯಲ್ಲಿ ಬಂದ ನಾಲ್ಕನೆಯದು 700ಕ್ಕೂ ಹೆಚ್ಚು ಕಾರುಗಳನ್ನೂ, ಆ ಮಾಲಿಕೆಗೆ ಮೊದಲ ಬಾರಿಗೆ ನಾರ್ಡ್‌ಶ್ಲೈಫೆಯನ್ನೂ ತಂದಿತು. ಮಾತುಕೊಟ್ಟಿದ್ದ ಆನ್‌ಲೈನ್ ಓಟವನ್ನು ಮಾತ್ರ ಕೈಬಿಟ್ಟಿತು.

ಐದನೆಯದಕ್ಕಾಗಿ ಜಗತ್ತು ಸುಮಾರು ಆರು ವರ್ಷ ಕಾಯಬೇಕಾಯಿತು. 2010ರ ನವೆಂಬರಿನಲ್ಲಿ ಅದು ಬಂದಾಗ ಸಾವಿರಕ್ಕೂ ಮಿಗಿಲಾದ ಕಾರುಗಳಿದ್ದವು, ನಿಜ. ಆದರೆ ಹೊಸದಾಗಿ ಕಡೆದವು ಅವುಗಳಲ್ಲಿ ಸುಮಾರು 200 ಮಾತ್ರ, ಉಳಿದ 800ರ ಆಸುಪಾಸಿನವು ಹಿಂದಿನ ಯಂತ್ರದಿಂದ ಎತ್ತಿ ತಂದು ಮೆರುಗು ಕೊಟ್ಟವು. ಆರು ತಿಂಗಳಿಗೊಂದರಂತೆ ಸಾವಿರ ಕಾರುಗಳನ್ನು ಕಡೆಯಹೊರಟರೆ ಒಬ್ಬನಿಗೆ ಐನೂರು ವರ್ಷಗಳ ಕೆಲಸವಾಗುತ್ತದೆ. ನೂರು ಮಂದಿ ಸೇರಿದರೂ ಐದು ವರ್ಷ. ಆದುದರಿಂದ ಅತಿ ತ್ವರೆಯು ದೋಷವಾದಂತೆ ಅತಿ ವಿಳಂಬವೂ ತಾನಾಗಿ ಗುಣವಾಗುವುದಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಎಂಟನೆಯ ತರಗತಿಯಲ್ಲಿ ನಾಲ್ಕನೆಯ ಆಟವನ್ನು ಆಡಿದ ಹುಡುಗ ಐದನೆಯದು ಬರುವ ಹೊತ್ತಿಗೆ ಕಾಲೇಜು ಸೇರಿರುತ್ತಾನೆ. ಅವನ ಆಸಕ್ತಿಯನ್ನು ಅಷ್ಟು ಕಾಲ ಬರಿಯ ಜಾಹೀರಾತಿನ ಚಿತ್ರಗಳಿಂದ ಉಳಿಸಿಕೊಳ್ಳುವುದು ಶಕ್ಯವಲ್ಲ. ಅದಾದಮೇಲೆ ಆರನೆಯದು ಮೂರೇ ವರ್ಷಗಳಲ್ಲಿ ಬಂದಿತು. ಬಂದದ್ದು 2013ರ ಡಿಸೆಂಬರಿನಲ್ಲಿ, ಹೊಸ ಪ್ಲೇಸ್ಟೇಷನ್ ಅಂಗಡಿಗಿಳಿದು ಕೆಲವೇ ವಾರಗಳಾದ ಮೇಲೆ, ಹಳೆಯ ಯಂತ್ರಕ್ಕಾಗಿ. ಐದನೆಯದರ ಸುಮಾರು ಅರ್ಧದಷ್ಟು ಮಾತ್ರ ಅದು ಮಾರಿತು. ಆಟದ ಆವೃತ್ತಿಯು ತನ್ನ ಗಡಿಯಾರವನ್ನಲ್ಲದೆ ಯಂತ್ರದ ಗಡಿಯಾರವನ್ನೂ ನೋಡಿಕೊಳ್ಳಬೇಕಾಗುತ್ತದೆ.

ಫೋರ್ಜಾ ಮೋಟಾರ್‌ಸ್ಪೋರ್ಟ್ ಮಾಲಿಕೆಯದು ಇದಕ್ಕೆ ಪ್ರತಿಯಾದ ಮಾರ್ಗ. 2005ರಿಂದ 2017ರವರೆಗೆ ತಪ್ಪದೆ ಎರಡು ವರ್ಷಕ್ಕೊಂದರಂತೆ ಏಳು ಆಟಗಳು ಬಂದವು. 2012ರಿಂದ ಅದರ ತಂಗಿಯಾದ ಹೊರೈಜನ್ ಮಾಲಿಕೆಯು, ಇಂಗ್ಲೆಂಡಿನ ಇನ್ನೊಂದು ಮನೆಯಲ್ಲಿ ತಯಾರಾಗಿ, ನಡುವಣ ವರ್ಷಗಳನ್ನು ತುಂಬತೊಡಗಿತು. ಇಷ್ಟು ನಿಯತವಾದ ಸುಗ್ಗಿಗೆ ಎಷ್ಟು ಕೈಗಳು ಬೇಕಾದವೆಂಬುದನ್ನು ನಾವು ಬಲ್ಲೆವು, ಏಕೆಂದರೆ ಅವುಗಳಲ್ಲಿ ಕೆಲವು ನಮ್ಮವೇ: 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್ ಸಂಸ್ಥೆಯ ಕಲಾವಿದರು ಫೋರ್ಜಾ ಆಟಗಳಿಗೆ ಕಲಾಕೆಲಸವನ್ನು ಮಾಡಿಕೊಟ್ಟಿದ್ದಾರೆ. ಲೋಕವೆಲ್ಲ ಮೆಚ್ಚಿ ಓಡಿಸಿದ ಆಟಗಳ ಹಿಂದೆ ಬೆಂಗಳೂರಿನ ಒಂದು ಮಹಡಿಯ ಮೇಲೆ ಕುಳಿತವರ ಕಣ್ಣಿನ ದುಡಿಮೆಯೂ ಇದ್ದಿತೆಂಬುದನ್ನು ನಮ್ಮ ಮಕ್ಕಳಿಗೆ ಹೇಳಿಕೊಡಬೇಕಾದದ್ದುಂಟು.

ಆದರೂ ಎರಡು ವರ್ಷಗಳ ಗಡಿಯಾರವು ಅಡಿಪಾಯವನ್ನು ಬದಲಿಸುವ ಕೆಲಸಕ್ಕೆ ಸಾಲದಾಯಿತು. ಹೊಸ ಎಕ್ಸ್‌ಬಾಕ್ಸ್ ಯಂತ್ರದೊಡನೆಯೇ 2013ರಲ್ಲಿ ಹೊರಟ ಐದನೆಯ ಆಟದಲ್ಲಿ ಕಾರುಗಳೂ ಹಾದಿಗಳೂ ಹಿಂದಿನದಕ್ಕಿಂತ ಕಡಮೆಯಾದವು. ನಾರ್ಡ್‌ಶ್ಲೈಫೆಯಂತೂ ಇರಲೇ ಇಲ್ಲ, ಮರುವರ್ಷ ಜೂನಿನಲ್ಲಿ ಬೆಲೆಯಿಲ್ಲದೆ ಸೇರಿಸಲ್ಪಟ್ಟಿತು. ಆಶ್ಚರ್ಯವೆಂದರೆ, ಆರು ವರ್ಷಗಳ ದೀರ್ಘ ವಿರಾಮದ ಬಳಿಕ 2023ರ ಅಕ್ಟೋಬರಿನಲ್ಲಿ ಬಂದ ಆಟದಲ್ಲಿಯೂ ಆ ಹಾದಿ ಮೊದಲ ದಿನ ಇರಲಿಲ್ಲ. 2024ರ ಫೆಬ್ರವರಿಯವರೆಗೆ ಕಾಯಬೇಕಾಯಿತು. ಆ ಇಪ್ಪತ್ತು ಕಿಲೋಮೀಟರಿನ ಬೇಲಿ, ಮರ, ಉಬ್ಬುತಗ್ಗುಗಳನ್ನೆಲ್ಲ ಅಳೆದು ಮರಳಿ ಕಟ್ಟುವುದು ಎಷ್ಟು ದೊಡ್ಡ ಹೊರೆಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ಪಂಚಾಂಗದ ವಿಚಾರ. ಫಾರ್ಮುಲಾ ಒನ್ ಪಂದ್ಯಾವಳಿಯ ಅಧಿಕೃತ ಆಟವನ್ನು ಇಂಗ್ಲೆಂಡಿನ ಕೋಡ್‌ಮಾಸ್ಟರ್ಸ್ ಸಂಸ್ಥೆ 2009ರಿಂದಲೂ ವರ್ಷ ತಪ್ಪದೆ ಹೊರತಂದಿತು. 2021ರಲ್ಲಿ ಇಲೆಕ್ಟ್ರಾನಿಕ್ ಆರ್ಟ್ಸ್ ಆ ಸಂಸ್ಥೆಯನ್ನು ಕೊಂಡಮೇಲೂ ಪದ್ಧತಿ ಮುಂದುವರಿಯಿತು. ಅಭಿಮಾನಿಯ ಮನಸ್ಸನ್ನು ನಾನು ಬಲ್ಲೆ: ಭಾನುವಾರ ಸಂಜೆ ಟೀವಿಯಲ್ಲಿ ಕಂಡ ಕಾರನ್ನು ಅದೇ ಬಣ್ಣದಲ್ಲಿ, ಅದೇ ಚಾಲಕನ ಹೆಸರಿನಲ್ಲಿ ಸೋಮವಾರ ಓಡಿಸಬೇಕೆಂಬ ಆಸೆ ಅವನದು, ಅದನ್ನು ಹಗುರಾಗಿ ಕಾಣಬಾರದು. ಆದರೆ ಹನ್ನೆರಡು ತಿಂಗಳೊಳಗೆ ನಿಘಂಟನ್ನೂ ತಿದ್ದಹೊರಟರೆ ಏನಾಗುವುದೆಂಬುದಕ್ಕೆ 2015ರ ಆಟವನ್ನು ನೋಡಬಹುದು. ಹೊಸ ಯಂತ್ರಗಳಿಗೆಂದು ಬುಡದಿಂದ ಕಟ್ಟಿದ ಆ ಆಟದಲ್ಲಿ, ಹೊಸಬ ಚಾಲಕನಾಗಿ ಸೇರಿ ವರ್ಷದಿಂದ ವರ್ಷಕ್ಕೆ ಮೇಲೇರುವ ವೃತ್ತಿಜೀವನದ ಭಾಗವೇ ಇರಲಿಲ್ಲ. ಅದು ಮರಳಿದ್ದು 2016ರ ಆಟದಲ್ಲಿ. 2024ರ ಆವೃತ್ತಿಯಲ್ಲಿ ಕಾರಿನ ನಡತೆಯ ಲೆಕ್ಕವನ್ನು ಬದಲಿಸಿದಾಗ ಆಡುವವರಿಂದ ಬಂದ ಆಕ್ಷೇಪಣೆ ಎಷ್ಟು ತೀವ್ರವಾಗಿದ್ದಿತೆಂದರೆ, ಬಿಡುಗಡೆಯಾದ ಸ್ವಲ್ಪ ಕಾಲದಲ್ಲಿಯೆ ಅದನ್ನು ಮತ್ತೆ ತಿದ್ದಬೇಕಾಯಿತು.

ಕೊನೆಗೆ 2025ರ ನವೆಂಬರಿನಲ್ಲಿ ಆ ಸಂಸ್ಥೆಯೇ ಒಂದು ನಿರ್ಧಾರವನ್ನು ಸಾರಿತು: 2026ಕ್ಕೆ ಪ್ರತ್ಯೇಕ ಆಟವಿಲ್ಲ, 2025ರ ಆಟಕ್ಕೆ ಆ ಋತುವನ್ನು ಬೆಲೆಯಿಟ್ಟು ಕೊಳ್ಳಬಹುದಾದ ಅನುಬಂಧವಾಗಿ ಕೊಡಲಾಗುವುದು, ಮುಂದಿನ ಪೂರ್ಣ ಆಟ 2027ಕ್ಕೆ. ನಿಜವಾದ ಪಂದ್ಯದಲ್ಲಿ 2026ರ ಬದಲಾವಣೆಗಳು ಸಾಮಾನ್ಯವಾದವಲ್ಲ. ಎಂಜಿನಿನ ಶಕ್ತಿಯಲ್ಲಿ ಸುಮಾರು ಅರ್ಧಪಾಲು ವಿದ್ಯುತ್ತಿನದು, ರೆಕ್ಕೆಗಳು ಓಟದ ನಡುವೆಯೇ ಕೋನ ಬದಲಿಸುವಂಥವು, ಕಾರು ಹಿಂದಿನದಕ್ಕಿಂತ ಚಿಕ್ಕದು ಮತ್ತು ಹಗುರ, ಆಡಿ ಮತ್ತು ಕ್ಯಾಡಿಲ್ಯಾಕ್ ಎಂಬ ಹೊಸ ಹೆಸರುಗಳು. ಇಷ್ಟೊಂದು ಹೊಸತಿರುವ ವರ್ಷದಲ್ಲಿಯೇ ಹೊಸ ಆಟವನ್ನು ಮಾರದೆ ತಡೆದದ್ದು ವ್ಯಾಪಾರದ ದೃಷ್ಟಿಯಿಂದ ವಿಚಿತ್ರವಾಗಿ ಕಂಡೀತು. ನನಗಾದರೋ ಅದು ಹತ್ತು ವರ್ಷ ಮೊದಲೇ ಆಗಬೇಕಾಗಿದ್ದ ಕೆಲಸವೆಂದು ತೋರುತ್ತದೆ. ಪಂಚಾಂಗವು ಅನುಬಂಧವಾಗಿ ವರ್ಷವರ್ಷ ಬರಲಿ. ನಿಘಂಟಿಗೆ ಅದರ ಕಾಲ ದೊರೆಯಲಿ.

ಆವೃತ್ತಿಯೆಂಬುದೇ ಬೇಡವೆಂದವರೂ ಉಂಟು. ಡೇವ್ ಕೇಮರ್ ಮತ್ತು ಜಾನ್ ಹೆನ್ರಿ ಎಂಬಿಬ್ಬರು ಸ್ಥಾಪಿಸಿ 2008ರಲ್ಲಿ ತೆರೆದ ಐರೇಸಿಂಗ್‌ಗೆ ಎರಡನೆಯ ಭಾಗವೆಂಬುದಿಲ್ಲ. ಚಂದಾ ಕೊಟ್ಟವರಿಗೆ ವರ್ಷಕ್ಕೆ ನಾಲ್ಕು ಋತುಗಳು, ಒಂದೊಂದಕ್ಕೂ ಹನ್ನೆರಡು ವಾರಗಳ ಓಟ, ನಡುವೆ ಹದಿಮೂರನೆಯ ವಾರ ಬಿಡುವು. ಋತು ಬದಲಾಗುವಾಗ ಆಟವೂ ತುಸು ಬದಲಾಗುತ್ತದೆ. ಲೇಸರಿನಿಂದ ಅಳೆದ ನಾರ್ಡ್‌ಶ್ಲೈಫೆ ಅದಕ್ಕೆ ಸೇರಿದ್ದು 2015ರಲ್ಲಿ. ಅದಕ್ಕಾಗಿ ಯಾರೂ ಹೊಸ ಪೆಟ್ಟಿಗೆ ಕೊಳ್ಳಬೇಕಾಗಲಿಲ್ಲ, ಆ ಹಾದಿಯ ಬೆಲೆಯನ್ನಷ್ಟೇ ತೆತ್ತರು. ಗಂಭೀರವಾಗಿ ಸ್ಪರ್ಧಿಸುವವರಿಗೆ ಇದು ಒಳ್ಳೆಯ ವ್ಯವಸ್ಥೆ. ಆದರೆ ಚಂದಾ ನಿಲ್ಲಿಸಿದ ದಿನ ಬಾಗಿಲು ಮುಚ್ಚುತ್ತದೆ. ಐದು ವರ್ಷದ ಹಿಂದೆ ತನಗೆ ಒಲಿದಿದ್ದ ಟೈರನ್ನು ಮತ್ತೊಮ್ಮೆ ಓಡಿಸಿ ನೋಡುತ್ತೇನೆಂದರೆ ದಾರಿಯಿಲ್ಲ. ಬಾಡಿಗೆಯ ಮನೆಯ ಸುಣ್ಣಬಣ್ಣ ಎಷ್ಟು ಹೊಸದಾಗಿದ್ದರೂ ಅಟ್ಟದ ಮೇಲೆ ಹಳೆಯ ಪೆಟ್ಟಿಗೆಯನ್ನು ಇಡಲಾಗುವುದಿಲ್ಲವಷ್ಟೆ.

ಇದಕ್ಕೆ ಎದುರಾಗಿ ಇಟಲಿಯ ಕುನೊಸ್ ಸಂಸ್ಥೆಯ ಅಸೆಟ್ಟೊ ಕೊರ್ಸಾ ನನ್ನ ಮನಸ್ಸಿಗೆ ಬಹಳ ಹಿಡಿಸುತ್ತದೆ. 2014ರ ಡಿಸೆಂಬರಿನಲ್ಲಿ ಪೂರ್ಣಗೊಂಡ ಆ ಆಟದ ಬಾಗಿಲನ್ನು ಆಡುವವರಿಗೆ ತೆರೆದಿಟ್ಟಿದ್ದರು. ಕಾರು ಕಡೆಯಬಲ್ಲವರು ಕಾರನ್ನೂ ಹಾದಿ ಕಟ್ಟಬಲ್ಲವರು ಹಾದಿಯನ್ನೂ ತಾವೇ ಮಾಡಿ ಸೇರಿಸಿದರು, ಇಂದಿಗೂ ಸೇರಿಸುತ್ತಿದ್ದಾರೆ. ನಡುವೆ 2019ರಲ್ಲಿ ಒಂದೇ ವರ್ಗದ ಓಟಕ್ಕೆ ಮೀಸಲಾದ ಕೊಂಪೆಟಿಜಿಯೋನೆ ಬಂದಿತಾದರೂ, ಮೊದಲನೆಯದರ ನೇರ ಉತ್ತರಾಧಿಕಾರಿಯಾದ ಈವೊ ಇನ್ನೂ ಅಪೂರ್ಣ ರೂಪದಲ್ಲಿ ಆಡುವವರ ಕೈಗೆ ಬಂದುದು 2025ರ ಜನವರಿಯಲ್ಲಿ, ಹತ್ತು ವರ್ಷಗಳ ಬಳಿಕ. ಇದಕ್ಕಿಂತಲೂ ಹಿರಿಯ ಉದಾಹರಣೆ ರಿಚರ್ಡ್ ಬರ್ನ್ಸ್ ರ್‍ಯಾಲಿ. 2001ರ ವಿಶ್ವ ರ್‍ಯಾಲಿ ಚಾಂಪಿಯನ್ ಆದ ಬರ್ನ್ಸ್ ಅವರ ಹೆಸರಿನಲ್ಲಿ 2004ರಲ್ಲಿ ಬಂದ ಆ ಆಟಕ್ಕೆ ಎರಡನೆಯ ಭಾಗ ಬರಲೇ ಇಲ್ಲ. ಮರುವರ್ಷ ಬರ್ನ್ಸ್ ಅವರೂ ತೀರಿಕೊಂಡರು. ಆದರೂ ಕಲ್ಲುಮಣ್ಣಿನ ಹಾದಿಯ ಮೇಲೆ ಟೈರು ಜಾರುವ ರೀತಿಯನ್ನು ಅದು ಎಷ್ಟು ನಿಷ್ಠೆಯಿಂದ ಲೆಕ್ಕ ಹಾಕಿದ್ದಿತೆಂದರೆ, ಅಭಿಮಾನಿಗಳು ಎರಡು ದಶಕಗಳಿಂದ ಅದಕ್ಕೆ ಹೊಸ ಹಾದಿಗಳನ್ನೂ ಕಾರುಗಳನ್ನೂ ಕಟ್ಟುತ್ತ, ಇಂದಿಗೂ ಅದರಲ್ಲಿ ಸ್ಪರ್ಧೆ ನಡೆಸುತ್ತಿದ್ದಾರೆ.

ಹೊಸದು ಬರುವ ಕಾಲದ ಜೊತೆಗೆ ಹಳೆಯದು ಹೋಗುವ ಕಾಲವನ್ನೂ ವಿಚಾರಿಸಬೇಕು. ಆಟದೊಳಗಿನ ಕಾರಿನ ಹೆಸರು, ಆಕಾರ, ಹಾಡು, ಹಾದಿ ಒಂದೊಂದಕ್ಕೂ ಅದರ ಒಡೆಯರಿಂದ ಪರವಾನಗಿ ಪಡೆದಿರುತ್ತಾರೆ. ಅವಧಿ ಮುಗಿದೊಡನೆ ಆಟವು ಅಂಗಡಿಯಿಂದ ಇಳಿಯುತ್ತದೆ. 2017ರ ಫೋರ್ಜಾ ಮೋಟಾರ್‌ಸ್ಪೋರ್ಟ್ 2021ರ ಸೆಪ್ಟೆಂಬರಿನಲ್ಲಿ ಹೀಗೆ ಮಾರಾಟದಿಂದ ಮರೆಯಾಯಿತು; ಅದರ ಮುಂದಿನದು ಬರುವುದಕ್ಕೆ ಇನ್ನೂ ಎರಡು ವರ್ಷಗಳಿದ್ದವು. ದಿ ಕ್ರೂ ಎಂಬ ಕಾರುಗಳ ಆಟದ ಗತಿ ಇನ್ನೂ ಕಠಿನ. 2024ರಲ್ಲಿ ಅದರ ಸರ್ವರುಗಳನ್ನು ನಿಲ್ಲಿಸಿದಾಗ, ಹಣ ಕೊಟ್ಟು ಕೊಂಡವರೂ ಅದನ್ನು ಒಬ್ಬರೇ ಕುಳಿತು ಆಡುವುದಕ್ಕಾಗದೆ ಹೋಯಿತು. ಆ ಅಸಮಾಧಾನದಿಂದ ಹುಟ್ಟಿದ ಚಳವಳಿಯು ಯೂರೋಪಿನ ಒಕ್ಕೂಟಕ್ಕೆ ಸಲ್ಲಿಸಲೆಂದು ತೆರೆದ ಮನವಿಗೆ 2025ರ ಬೇಸಗೆಯ ಹೊತ್ತಿಗೆ ಹತ್ತು ಲಕ್ಷಕ್ಕೂ ಮಿಗಿಲಾದ ಸಹಿಗಳು ಬಿದ್ದವು. ಗ್ರಾನ್ ಟುರಿಸ್ಮೊ ಸ್ಪೋರ್ಟ್‌ನ ಆನ್‌ಲೈನ್ ಸೇವೆಯೂ 2024ರ ಜನವರಿ 31ರಂದು ನಿಂತಿತು. ಆದರೆ ಅದನ್ನು ಕಟ್ಟಿದವರು, ಜಾಲವಿಲ್ಲದೆಯೂ ಬಹುಭಾಗವನ್ನು ಆಡುವಂತೆ ಅದನ್ನು ತಿದ್ದಿಕೊಟ್ಟರು. ಈ ಸೌಜನ್ಯವು ಇಚ್ಛೆಗೆ ಬಿಟ್ಟದ್ದಾಗಿರದೆ ನಿಯಮವಾಗಬೇಕು.

ನನ್ನ ಅಕ್ಕನ ಮಗನಿಗೆ ನಾನು ಕೊಟ್ಟ ಉತ್ತರ ಇದು. ಗಣಿತದ ಬುನಾದಿಯುಳ್ಳ ಆಟಕ್ಕೆ ಹೊಸ ಆವೃತ್ತಿ ನಾಲ್ಕೈದು ವರ್ಷಗಳಿಗೆ ಮೊದಲು ಬರಕೂಡದು. ಆರು ವರ್ಷಗಳನ್ನು ಮೀರಬೇಕಾದರೆ ಕಟ್ಟುವವರು ಬಾಯಿಬಿಟ್ಟು ಕಾರಣ ಹೇಳಬೇಕು. ನಡುವೆ ಹಾದಿಗಳೂ ಕಾರುಗಳೂ ವರ್ಷದ ಋತುವೂ ನ್ಯಾಯವಾದ ಬೆಲೆಗೆ ಅನುಬಂಧಗಳಾಗಿ ಬರಲಿ. ಟೈರಿನ ಲೆಕ್ಕದಲ್ಲಿ, ಯಂತ್ರದ ಶಕ್ತಿಯಲ್ಲಿ, ಇಲ್ಲವೆ ನಿಜವಾದ ಪಂದ್ಯದ ನಿಯಮದಲ್ಲಿ ಕೈಗೆ ತಿಳಿಯುವಂಥ ವ್ಯತ್ಯಾಸ ಹುಟ್ಟಿದಾಗ ಮಾತ್ರ ಪೆಟ್ಟಿಗೆಯ ಮೇಲೆ ಹೊಸ ಅಂಕಿ ಬೀಳಲಿ. ಅವನು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದ್ರೆ 2027ರಲ್ಲಿ ಬರೋ ಫಾರ್ಮುಲಾ ಒನ್‌ದು ನಿಜವಾಗ್ಲೂ ಹೊಸದಾಗಿರುತ್ತಾ ಮಾವ?" ಎಂದು ಕೇಳಿದ. ಮೊದಲ ದಿನವೇ ಕೊಳ್ಳದೆ, ಎರಡು ವರ್ಷಗಳ ಕಾಲಾವಕಾಶವನ್ನು ಅವರು ಬಣ್ಣಕ್ಕೆ ಬಳಸಿದರೋ ಟೈರಿಗೆ ಬಳಸಿದರೋ ಎಂಬುದನ್ನು ಆಡಿದವರ ಬಾಯಿಂದ ಕೇಳಿ ತಿಳಿದುಕೊ ಎಂದೆ. ಸರಿ ಎಂದು ರುಬ್ಬುಗುಂಡನ್ನು ಕಾಲಿನಿಂದ ಇನ್ನಷ್ಟು ಒತ್ತಿ ಇರಿಸಿಕೊಂಡು, ಅವನು ಮತ್ತೆ ಕರುಸೆಲ್‌ನ ಕಡೆಗೆ ಹೊರಟ.